ಸ್ಲೇಟು ಒರೆಸುತ್ತಲೇ ಉಳಿದ ಮಾವ

ಹೋದ ವಾರ ಚಳ್ಳಕೆರೆ ಮಾರುಕಟ್ಟೆಯಲ್ಲಿ ತೊಂಡೆಕಾಯಿ ಕೊಂಡೆ. ಮಾರುವವಳು ತಕ್ಕಡಿಯಿಂದ ನನ್ನ ಚೀಲಕ್ಕೆ ಸುರಿಯುವಾಗ ಕಾಯಿಯ ಜೊತೆ ಒಂದೆರಡು ಎಲೆಗಳೂ ಬಿದ್ದವು. "ಎಲೆ ತೆಗೆದಾಕ್ಲೇನ್ರಿ ಅಕ್ಕ?" ಎಂದು ಕೇಳಿದಳು. ಇರಲಿ ಬಿಡು ಎಂದೆ. ಯಾಕೆ ಹಾಗೆಂದೆನೋ ಆ ಕ್ಷಣಕ್ಕೆ ನನಗೂ ತಿಳಿಯಲಿಲ್ಲ. ಮನೆಗೆ ಬಂದು ಕಾಯಿ ತೊಳೆಯುವಾಗ ಒಂದು ಎಲೆ ಬೆರಳುಗಳ ನಡುವೆ ಸಿಕ್ಕಿ ಜಜ್ಜಿಹೋಯಿತು. ಹಸಿ ವಾಸನೆ, ಸ್ವಲ್ಪ ಒಗರು, ಅದರಡಿಯಲ್ಲಿ ಎಲ್ಲೋ ಒದ್ದೆ ಕಲ್ಲಿನ ವಾಸನೆ... ಅಷ್ಟಕ್ಕೇ ನನ್ನ ಮಾವ ಅಡುಗೆಮನೆಗೆ ಬಂದು ಕೂತುಬಿಟ್ಟ.

ಈಗಿನ ಮಕ್ಕಳಿಗೆ ಇದು ಗೊತ್ತಿರಲಾರದು. ನಮ್ಮ ಕಾಲದಲ್ಲಿ ಸ್ಲೇಟು ಒರೆಸಲು ಬೇಲಿಯ ಮೇಲೆ ಹಬ್ಬಿದ ತೊಂಡೆ ಎಲೆಯೇ ಗತಿ. ಉಗುಳು ಹಚ್ಚಿ ಒರೆಸಿದರೆ ಮೇಷ್ಟ್ರು ಬೆನ್ನಿಗೆ ಬಿಡುತ್ತಿದ್ದರು. ಎಲೆ ಹಿಂಡಿ ಒರೆಸಿದರೆ ಸ್ಲೇಟು ಎಣ್ಣೆ ಹಚ್ಚಿದ ತಲೆಯ ಹಾಗೆ ಮಿರಮಿರ ಮಿಂಚುತ್ತಿತ್ತು. ನಾವೆಲ್ಲ ದಿನಕ್ಕೆ ಒಂದೋ ಎರಡೋ ಎಲೆ ಕಿತ್ತು ತರುತ್ತಿದ್ದೆವು. ಮಾವ ಮಾತ್ರ ಚಡ್ಡಿಯ ಎರಡೂ ಜೇಬು ತುಂಬಿಸಿಕೊಂಡು ಬರುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಜೇಬು ಖಾಲಿಯಾಗಿ ಚಡ್ಡಿಯೆಲ್ಲ ಹಸಿರಾಗಿರುತ್ತಿತ್ತು.

ಮಾವ ಎಂದರೆ ನನ್ನವ್ವನ ಕೊನೆಯ ತಮ್ಮ. ನಮ್ಮಪ್ಪ ತಳಕಿನ ಕಡೆಯವರು. ಮೇವು ಹುಡುಕಿಕೊಂಡು ಊರೂರಿಗೆ ಕುರಿ ಹೊಡೆದುಕೊಂಡು ಹೋಗುವ ಮನೆತನ. ಮಗಳಾದರೂ ಒಂದು ಕಡೆ ಕೂತು ನಾಲ್ಕಕ್ಷರ ಕಲಿಯಲಿ ಎಂದು ಅವ್ವ ನನ್ನನ್ನು ತನ್ನ ತವರಿನಲ್ಲಿ ಬಿಟ್ಟಳು. ಅದು ಮೊಳಕಾಲ್ಮೂರು ತಾಲ್ಲೂಕಿನ ಒಂದು ಹಟ್ಟಿ. ದೇವಸಮುದ್ರದಲ್ಲಿ ಬಸ್ಸಿಳಿದು ಕಾಲ್ದಾರಿಯಲ್ಲಿ ನಡೆದು ಹೋಗಬೇಕು. ಅಜ್ಜಿ ಆಂಧ್ರದ ಗಡಿಯಾಚೆಯಿಂದ ಬಂದವಳು. ಸಿಟ್ಟು ಬಂದರೆ ಕನ್ನಡ, ಪ್ರೀತಿ ಬಂದರೆ ತೆಲುಗು. ತಾತ, ಅಜ್ಜಿ, ಮಾವ, ನಾನು... ಆ ಮನೆಯಲ್ಲಿ ಇದ್ದವರು ಅಷ್ಟೇ.

ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಹೊಸದೇನಲ್ಲ. ಹಾಗಾಗಿ ನಾನು ಆ ಮನೆಗೆ ಕಾಲಿಟ್ಟ ದಿನವೇ ಹಟ್ಟಿಯ ಹೆಂಗಸರು ತೀರ್ಮಾನ ಮಾಡಿಬಿಟ್ಟಿದ್ದರು. ನಾನು ಕೊಡ ಹಿಡಿದು ಹೊರಟರೆ, "ಏನಮ್ಮ, ಗಂಡನ ಜಳಕಕ್ಕಾ ನೀರು?" ಎಂದು ಕೇಳುವರು. ಗಂಡ ಎಂದರೇನೆಂದು ತಿಳಿಯುವ ಮೊದಲೇ ನನಗೆ ಗಂಡ ಯಾರೆಂದು ತಿಳಿದಿತ್ತು. ಅದರ ಬಗ್ಗೆ ನನಗೆ ತಕರಾರೂ ಇರಲಿಲ್ಲ. ಮಾವ ನೋಡಲು ಚೆನ್ನಾಗಿದ್ದ, ಬೈಯುತ್ತಿರಲಿಲ್ಲ, ಕಾರೆ ಹಣ್ಣು ಕಿತ್ತು ತಂದರೆ ಮೊದಲು ನನ್ನ ಕೈಗೆ ಹಾಕುತ್ತಿದ್ದ.

ಅವನು ನನಗಿಂತ ದೊಡ್ಡವನು. ನಾನು ಶಾಲೆಗೆ ಸೇರುವಾಗ ಮೇಲಿನ ತರಗತಿಯಲ್ಲಿದ್ದ. ನಾನು ಏರುತ್ತ ಹೋದೆ, ಅವನು ಅಲ್ಲೇ ನಿಂತ. ಮೂರನೆಯ ತರಗತಿಗೆ ಬರುವ ಹೊತ್ತಿಗೆ ಇಬ್ಬರೂ ಅಕ್ಕಪಕ್ಕ ಕೂತಿದ್ದೆವು. ಅವನ ಸ್ಲೇಟನ್ನು ನಾನು ಹತ್ತಿರದಿಂದ ನೋಡಿದ್ದು ಆಗಲೇ.

ಅವನು ಒಂದು ಅಕ್ಷರ ಬರೆಯುತ್ತಿದ್ದ. ತಲೆ ವಾರೆ ಮಾಡಿ ನೋಡುತ್ತಿದ್ದ. ಎಲೆ ತೆಗೆದು ಒರೆಸುತ್ತಿದ್ದ. ಮತ್ತೆ ಅದೇ ಅಕ್ಷರ, ಮತ್ತೆ ಎಲೆ. ನಾವು ಪದ್ಯವನ್ನೆಲ್ಲ ಬರೆದು ಮುಗಿಸಿ ಆಟಕ್ಕೆ ಓಡುವಾಗ ಅವನ ಸ್ಲೇಟಿನ ಮೇಲೆ ಒಂದೇ ಒಂದು ಅಕ್ಷರ ಇರುತ್ತಿತ್ತು, ಅಥವಾ ಅದೂ ಇರುತ್ತಿರಲಿಲ್ಲ. ಓದಲು ಎಬ್ಬಿಸಿದರೂ ಅದೇ ಕಥೆ. ಮೊದಲ ಸಾಲು ಓದುವನು, ಎರಡನೆಯದಕ್ಕೆ ಹೋಗುವ ಮುಂಚೆ ಮೊದಲನೆಯದಕ್ಕೇ ವಾಪಸ್ಸು. ಬೆರಳು ಆ ಸಾಲಿನ ಕೆಳಗೆ ಹೋಗಿ ಬರುತ್ತಲೇ ಇರುತ್ತಿತ್ತು. ಹುಡುಗರೆಲ್ಲ ಕಿಸಕಿಸ ನಗುತ್ತಿದ್ದರು.

"ಲೇ, ಸ್ಲೇಟೇ ಸವೆದು ಹೋತು, ನಿನ್ ತಲೆಗೆ ಮಾತ್ರ ಏನೂ ಹತ್ತಲಿಲ್ಲ!" ಎಂದು ಮೇಷ್ಟ್ರು ಕೈ ಚೆಲ್ಲುತ್ತಿದ್ದರು. ಒಳ್ಳೆಯ ಮನುಷ್ಯ ಅವರು. ಆದರೆ ಅವರಿಗೆ ಗೊತ್ತಿದ್ದದ್ದು ಎರಡೇ ಜಾತಿಯ ಮಕ್ಕಳು, ಜಾಣರು ಮತ್ತು ದಡ್ಡರು. ಬಾಯಲ್ಲಿ ಕೇಳಿದ್ದರೆ ಮಾವ ಆ ಪಾಠವನ್ನು ಮೊದಲಿಂದ ಕೊನೆಯವರೆಗೆ ಹೇಳಿಬಿಡುತ್ತಿದ್ದ. ಮನೆಯಲ್ಲಿ ನನಗೆ ಹೇಳಿಕೊಡುತ್ತಿದ್ದವನೇ ಅವನು. ಬಾಯಲ್ಲಿ ಕೇಳಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಒಂದು ಸಲ ನಾನೇ ಕೇಳಿದೆ.

"ಯಾಕ್ ಮಾವ ಒರೆಸ್ತೀಯಾ? ಚೆನ್ನಾಗೇ ಐತಲ್ಲ."

"ಕೂತಿಲ್ಲ ಕಣೇ."

"ಏನು ಕೂತಿಲ್ಲ?"

"ಅಕ್ಷರ. ಇನ್ನೂ ಸರಿಯಾಗಿ ಕೂತಿಲ್ಲ," ಎಂದ. ಅವನ ಹಣೆಯ ಮೇಲೆ ಬೆವರಿತ್ತು. ಸೋಮಾರಿಯ ಹಣೆಯ ಮೇಲೆ ಅಂಥ ಬೆವರು ಇರುವುದಿಲ್ಲ ಎನ್ನುವುದು ಈಗ ನನಗೆ ಗೊತ್ತು.

ಏಳನೆಯ ತರಗತಿಗೆ ಆಗ ಪಬ್ಲಿಕ್ ಪರೀಕ್ಷೆ. ಮೇಷ್ಟ್ರು ದಬ್ಬಿ ದಬ್ಬಿ ಅವನನ್ನು ಅಲ್ಲಿಯತನಕ ತಂದಿದ್ದರು. ಪರೀಕ್ಷೆ ಬರೆಯಲು ನಾವೆಲ್ಲ ದೇವಸಮುದ್ರಕ್ಕೆ ಹೋದೆವು. ಅಲ್ಲಿ ಸ್ಲೇಟಿಲ್ಲ, ಎಲೆಯಿಲ್ಲ, ಬರೀ ಕಾಗದ, ಪೆನ್ನು. ಮಾವ ಮೊದಲ ಪ್ರಶ್ನೆಯ ಉತ್ತರವನ್ನು ಬರೆದು ಹೊಡೆದುಹಾಕಿದ, ಬರೆದು ಹೊಡೆದುಹಾಕಿದ, ಕಾಗದ ಹರಿಯುವವರೆಗೆ. ಎರಡನೆಯ ಪ್ರಶ್ನೆಗೆ ಹೋಗುವ ಮೊದಲೇ ಗಂಟೆ ಹೊಡೆಯಿತು. ಅಲ್ಲಿಗೆ ಅವನ ಓದು ಮುಗಿಯಿತು. ತಾತ ಒಂದು ಮಾತೂ ಬೈಯಲಿಲ್ಲ. ಬೈಯಲು ತಾತನಿಗೆ ಬಾಯಿ ಎಲ್ಲಿತ್ತು?

ಯಾಕೆಂದರೆ ತಾತನದು ಇನ್ನೊಂದು ಬಗೆ. ಸಂಜೆ ಕುರಿಗಳನ್ನು ಒಳಗೆ ಹಾಕಿ ಮುಳ್ಳಿನ ಬಾಗಿಲು ಕಟ್ಟಿ ಬಂದು ಕಾಲು ತೊಳೆಯುತ್ತಿದ್ದ. ಉಣ್ಣಲು ಕೂರುವ ಮೊದಲು ಕಟ್ಟಿದೆನೋ ಇಲ್ಲವೋ ಎಂದು ಎದ್ದು ಹೋಗುತ್ತಿದ್ದ. ಬಂದು ಮತ್ತೆ ಕಾಲು ತೊಳೆಯುತ್ತಿದ್ದ, ಮತ್ತೆ ಹೋಗುತ್ತಿದ್ದ. ಮುದ್ದೆ ತಣ್ಣಗಾಗುತ್ತಿತ್ತು. "ಆ ಬೇಲಿ ಎಲ್ಲೂ ಓಡೋಗಲ್ಲ, ಬಂದು ಉಣ್ಣು!" ಎಂದು ಅಜ್ಜಿ ಗಂಡನನ್ನು ಕನ್ನಡದಲ್ಲಿ ಗದರುತ್ತಿದ್ದಳು. ಅತ್ತ ಮೂಲೆಯಲ್ಲಿ ಸ್ಲೇಟು ಹಿಡಿದು ಕೂತ ಮಗನ ತಲೆ ಸವರಿ, "ಚಾಲು ನಾಯನಾ, ಚಾಲು," ಎನ್ನುತ್ತಿದ್ದಳು. ಸಾಕು ಮಗನೇ, ಸಾಕು ಎಂದು ಅದರ ಅರ್ಥ. ಆ ಮನೆಯ ಗಂಡಸರಿಗೆ ಸಾಕು ಎನ್ನುವುದು ಯಾವ ಭಾಷೆಯಲ್ಲಿ ಹೇಳಿದರೂ ತಿಳಿಯುತ್ತಿರಲಿಲ್ಲ.

ಹಾಗಂತ ಹಟ್ಟಿಯವರು ಆ ಮನೆಯನ್ನು ಹೀಯಾಳಿಸುತ್ತಿದ್ದರು ಎಂದುಕೊಳ್ಳಬೇಡಿ. ಕೈಮುಗಿಯುತ್ತಿದ್ದರು. ಅದಕ್ಕೆ ಕಾರಣ ದೇವರ ಎತ್ತುಗಳು.

ನಮ್ಮ ಕಡೆಯ ಹಟ್ಟಿಗಳಲ್ಲಿ ದೇವರ ಹೆಸರಿಗೆ ಬಿಟ್ಟ ದನಗಳ ಮಂದೆ ಇರುತ್ತದೆ. ಅವುಗಳ ಹೆಗಲಿಗೆ ನೊಗವಿಲ್ಲ, ಅವುಗಳನ್ನು ಮಾರುವ ಹಾಗಿಲ್ಲ. ಹಾಲು ಕರುವಿಗೆ ಬಿಟ್ಟು ಮಿಕ್ಕರೆ ದೇವರ ಮೀಸಲು, ಮನೆಗೆ ತರುವ ಹಾಗಿಲ್ಲ. ಊರಾಚೆ ಮುಳ್ಳುಬೇಲಿಯ ರೊಪ್ಪದಲ್ಲಿ ಅವು ಇರುತ್ತವೆ. ಅವುಗಳ ಜೊತೆಗೇ ಇದ್ದು ಕಾಯುವವನು ಕಿಲಾರಿ. ಅವನು ಚಪ್ಪಲಿ ಮೆಟ್ಟುವುದಿಲ್ಲ, ಚಪ್ಪಲಿ ಮುಟ್ಟುವುದೂ ಇಲ್ಲ. ಬಂದವರೂ ಬೇಲಿಯ ಹೊರಗೇ ಬಿಟ್ಟು ಒಳಗೆ ಹೋಗಬೇಕು. ಹಾಲಿನ ಪಾತ್ರೆ, ಹಗ್ಗ, ಕೈಕಾಲು, ಎಲ್ಲವೂ ಶುದ್ಧವಾಗಿರಬೇಕು. ತಾತನ ಅಪ್ಪ ಕಿಲಾರಿಯಾಗಿದ್ದ. ಆಮೇಲೆ ತಾತನ ಅಣ್ಣ, ಅಂದರೆ ನಮ್ಮ ದೊಡ್ಡತಾತ ಆದ. ತೊಳೆದದ್ದನ್ನೇ ತೊಳೆಯುವವರಿಗೆ, ಕಟ್ಟಿದ್ದನ್ನೇ ಕಟ್ಟುವವರಿಗೆ ಇದಕ್ಕಿಂತ ಹೊಂದುವ ಕೆಲಸ ಬೇರೆ ಉಂಟೇ? "ಆ ಮನೆಯೋರ ಕೈ ಶುದ್ಧ," ಎಂದು ಸುತ್ತ ಹಳ್ಳಿಗಳಲ್ಲೆಲ್ಲ ಮಾತಿತ್ತು.

ದೊಡ್ಡತಾತನಿಗೆ ಕಣ್ಣು ಮಂಜಾದಾಗ ಹಿರಿಯರು ಹೆಚ್ಚು ಯೋಚನೆ ಮಾಡಲಿಲ್ಲ. ಮಾವನನ್ನು ಕರೆದರು. ಓದು ಹತ್ತದ ಹುಡುಗನನ್ನು ದೇವರೇ ಆರಿಸಿಕೊಂಡ ಎಂದರು. ಬೆರಳು ಸವೆಯುವಷ್ಟು ಸ್ಲೇಟು ಒರೆಸುತ್ತಿದ್ದಾಗ ದಡ್ಡನಾಗಿದ್ದವನು, ಅದೇ ಕೈಯಲ್ಲಿ ಪಾತ್ರೆ ಉಜ್ಜಿದಾಗ ದೊಡ್ಡ ಮನುಷ್ಯನಾದ. ಅಜ್ಜಿ ಒಬ್ಬಳೇ ಅವತ್ತು ಅತ್ತಳಂತೆ.

ನಾನು ಆಗ ಚಿತ್ರದುರ್ಗದಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದೆ. ಕಿಲಾರಿಗೆ ಮದುವೆ ಆಗಬಾರದೆಂಬ ಕಟ್ಟಳೆಯೇನೂ ನಮ್ಮ ರೊಪ್ಪದಲ್ಲಿ ಇರಲಿಲ್ಲ. ದೊಡ್ಡತಾತನಿಗೂ ಹೆಂಡತಿ ಇದ್ದಳು, ಮಕ್ಕಳು ಮಾತ್ರ ಉಳಿದಿರಲಿಲ್ಲ. ಓದು ಮುಗಿಯುತ್ತಲೂ ನಮ್ಮಿಬ್ಬರ ಮದುವೆ ಎಂದು ಅವ್ವ ಹೇಳಿಕೊಂಡು ಓಡಾಡುತ್ತಿದ್ದಳು. ನನಗೆ ಮನಸ್ಸಿತ್ತೇ ಎಂದರೆ, ಇತ್ತು. ಮುಚ್ಚಿಡುವಂಥದ್ದೇನಿದೆ ಅದರಲ್ಲಿ. ಹಾಸ್ಟೆಲಿನಲ್ಲಿ ಗೆಳತಿಯರು ಸಿನಿಮಾ ನಟರ ಚಿತ್ರ ಅಂಟಿಸಿಕೊಂಡರೆ ನನಗೆ ಕಾರೆ ಹಣ್ಣಿನ ಕೈ ನೆನಪಾಗುತ್ತಿತ್ತು.

ಆ ವರ್ಷ ಸುಗ್ಗಿಯಾದ ಮೇಲೆ ರೊಪ್ಪಕ್ಕೆ ಕಾಳು ಕೊಡಲು ಅವ್ವನೂ ನಾನೂ ಹೊರಟೆವು. ತಳಕಿನ ಬಸ್ ಸ್ಟ್ಯಾಂಡ್ ತಲುಪಿದ ಮೇಲೆ ಅವ್ವನಿಗೆ ಒಲೆ ಆರಿಸಿದೆನೋ ಇಲ್ಲವೋ ಎಂದು ಅನುಮಾನ ಬಂತು. ವಾಪಸ್ಸು ಹೋಗಿ ನೋಡಿ ಬಂದಳು. ಬಂದ ಮೇಲೆ ಚಿಲಕದ ಅನುಮಾನ. ಬಸ್ಸು ನಮ್ಮ ಕಣ್ಣೆದುರೇ ಹೊರಟುಹೋಯಿತು. ನಮ್ಮವ್ವನ ಅಚ್ಚುಕಟ್ಟೇ ಹಾಗೆ ಎಂದು ನಾನು ಗೊಣಗಿಕೊಂಡು ಮುಂದಿನ ಬಸ್ಸಿಗೆ ಕಾದೆ.

ನಾವು ತಲುಪಿದಾಗ ಮಾವ ತೊಟ್ಟಿಯ ಹತ್ತಿರ ಕೂತು ಹಗ್ಗ ತೊಳೆಯುತ್ತಿದ್ದ. ಅವ್ವ ಕಾಳಿನ ಚೀಲ ಇಟ್ಟು, ದೊಡ್ಡತಾತನನ್ನು ನೋಡಲು ಆಚೆಯ ಗುಡಿಸಲಿಗೆ ಹೋದಳು. ಮಾವ ತಲೆಯೆತ್ತದೆ ಕೇಳಿದ:

"ಮಕ್ಳ ಮನಸಿನ ಬಗ್ಗೆ ಏನೋ ಓದ್ತೀಯಂತೆ. ಅದ್ರಾಗೆ ನನ್ನಂತೋರ ವಿಷ್ಯ ಐತಾ?"

ಇರಲಿಲ್ಲ. ನಮ್ಮ ಪುಸ್ತಕದಲ್ಲಿ ಹಿಂದುಳಿದ ಮಗು ಎಂದು ಒಂದು ಪುಟವಿತ್ತು, ಅದಕ್ಕೂ ಇವನಿಗೂ ತಾಳೆಯಾಗುತ್ತಿರಲಿಲ್ಲ. ಇಲ್ಲ ಮಾವ ಎಂದೆ.

"ಹಗ್ಗ ಶುದ್ಧ ಆಗೈತೆ ಅಂತ ನಂಗೊತ್ತು. ಆದ್ರೂ ಕೈ ಬಿಡಲ್ಲ ಕಣೇ. ಯಾರೋ ಒಳಗೆ ಕೂತು ಇನ್ನೊಂದ್ಸಲ, ಇನ್ನೊಂದ್ಸಲ ಅಂತಾರೆ. ದೇವ್ರಲ್ಲ ಅದು. ದೇವ್ರಾಗಿದ್ರೆ ಇಷ್ಟೊತ್ತಿಗೆ ಅವನಿಗೂ ಬ್ಯಾಸರ ಆಗ್ತಿತ್ತು." ನಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದ: "ನೋಡು, ನಿನ್ ಮುತ್ತಾತಂಗಿತ್ತು. ದೊಡ್ಡಪ್ಪಂಗೈತೆ, ಅಪ್ಪಂಗೈತೆ, ನಂಗೈತೆ. ದನ ಕಾಯೋನಿಗೆ ಇಷ್ಟೂ ತಿಳಿಯಲ್ವಾ? ಹೋರಿ ಗುಣ ಕರಕ್ಕೆ ಬಂದೇ ಬರ್ತೈತೆ. ನಾ ಮದ್ವೆ ಆಗಲ್ಲ. ಇದು ನನ್ ತಾವೇ ನಿಂತೋಗ್ಲಿ."

ನಾನು ಏನು ಹೇಳಿದೆನೋ ಸರಿಯಾಗಿ ನೆನಪಿಲ್ಲ. ನನಗೇನೂ ತೊಂದರೆಯಿಲ್ಲ, ಹೊಂದಿಕೊಂಡು ಹೋಗ್ತೀನಿ ಎಂದಿರಬೇಕು. ಆ ವಯಸ್ಸಿನ ಹುಡುಗಿಯರು ಇನ್ನೇನು ಹೇಳುತ್ತಾರೆ...

"ನಿಂಗಲ್ಲ. ಹುಟ್ಟೋ ಮಗೀಗೆ," ಎಂದಷ್ಟೇ ಅಂದ. ಮತ್ತೆ ಹಗ್ಗವನ್ನು ನೀರಿಗೆ ಅದ್ದಿದ.

ಹಿರಿಯರಿಗೆ ಅವನು ಕೊಟ್ಟ ಕಾರಣ ಬೇರೆ. ದೇವರ ಸೇವೆಗೆ ಸಂಸಾರ ಅಡ್ಡ ಎಂದ. ಅದಕ್ಕೂ ಕೈಮುಗಿದರು. ಅವ್ವ ತಮ್ಮನ ಜೊತೆ ಕೆಲವು ವರ್ಷ ಮಾತು ಬಿಟ್ಟಳು. ನನ್ನನ್ನು ಪರಶುರಾಂಪುರದ ಕಡೆಯ ಒಬ್ಬ ಮೇಷ್ಟ್ರಿಗೆ ಕೊಟ್ಟರು. ಒಳ್ಳೆಯವರು, ನಿದ್ದೆ ಜಾಸ್ತಿ, ಬಾಗಿಲು ಹಾಕುವುದನ್ನೇ ಮರೆಯುವ ಮನುಷ್ಯ. ಇಬ್ಬರಿಗೂ ಚಳ್ಳಕೆರೆಯಲ್ಲಿ ಕೆಲಸವಾಯಿತು. ಮದುವೆಯಾದ ಹೊಸದರಲ್ಲಿ ತೊಂಡೆಬಳ್ಳಿ ಕಂಡರೆ ಎದೆ ಚುರುಕ್ ಎನ್ನುತ್ತಿತ್ತು, ಆಮೇಲಾಮೇಲೆ ಪಲ್ಯದ ನೆನಪು ಬರತೊಡಗಿತು. ಜೀವನ ಹಾಗೆಯೇ ನಡೆಯುತ್ತದೆ.

ಬಹಳ ವರ್ಷಗಳ ಮೇಲೆ ನಮಗೆ ಒಬ್ಬ ಮಗಳು ಹುಟ್ಟಿದಳು. ಅವಳು ಶಾಲೆಗೆ ಹೋಗಲು ಶುರು ಮಾಡಿದ ವರ್ಷ ರೊಪ್ಪಕ್ಕೆ ಕರೆದುಕೊಂಡು ಹೋದೆ. ಅಷ್ಟೊತ್ತಿಗೆ ಅಜ್ಜಿ, ತಾತ, ದೊಡ್ಡತಾತ ಯಾರೂ ಇರಲಿಲ್ಲ. ಮಾವನ ತಲೆ ನರೆತಿತ್ತು. ಅಂಗೈಯ ಚರ್ಮ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತ್ತು. ಬಂದವರೆಲ್ಲ ಆ ಕೈಗಳನ್ನು ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರಂತೆ.

ನಾವು ಬೇಲಿಯ ಹೊರಗೆ ಚಪ್ಪಲಿ ಬಿಟ್ಟೆವು. ಮಗಳು ತನ್ನ ಪುಟ್ಟ ಚಪ್ಪಲಿಗಳನ್ನು ಜೋಡಿಸಿಟ್ಟು ನಾಲ್ಕು ಹೆಜ್ಜೆ ಒಳಗೆ ಬಂದಳು. ನಿಂತಳು. ವಾಪಸ್ಸು ಹೋಗಿ ಸರಿಮಾಡಿದಳು. ಬಂದಳು. ಮತ್ತೆ ಹೋದಳು. ಬಾರೇ ಎಂದು ನಾನು ಕರೆದೆ. ಬರುತ್ತೇನೆ ಎಂದು ಮತ್ತೆ ಬಗ್ಗಿದಳು. ಮಾವ ಕರುವೊಂದನ್ನು ಹಿಡಿದುಕೊಂಡು ಇದನ್ನೆಲ್ಲ ನೋಡುತ್ತ ನಿಂತಿದ್ದ.

"ಮನೇಲೂ ಹಿಂಗೇನಾ?" ಎಂದು ಕೇಳಿದ.

"ಹೂಂ ಮಾವ, ಭಾರಿ ಅಚ್ಚುಕಟ್ಟು. ಥೇಟ್ ನಮ್ಮವ್ವನ ಹಂಗೆ," ಎಂದೆ ನಾನು, ಸ್ವಲ್ಪ ಹೆಮ್ಮೆಯಿಂದಲೇ.

"ಅಕ್ಕನ ಹಂಗಾ?"

ಅವನು ಕರುವಿನ ಹಗ್ಗ ಬಿಟ್ಟ. ಅವ್ವ ಒಲೆ ನೋಡಲು ತಿರುಗಿ ಹೋಗುತ್ತಿದ್ದದ್ದು, ಚಿಲಕ, ತಪ್ಪಿದ ಬಸ್ಸು, ಎಲ್ಲ ನನ್ನ ತಲೆಯಲ್ಲಿ ಒಂದೊಂದಾಗಿ ಬಂದು ನಿಂತವು. ಅವಳೂ ಅದೇ ತಾತನ ಮಗಳಲ್ಲವೇ? ನಮ್ಮಲ್ಲಿ ಮದುವೆ ಮಾಡಿಕೊಟ್ಟ ಹೆಣ್ಣು ಬೇರೆ ಮನೆಯವಳು. ಅವಳ ಹೆಸರು ಕುಲಕ್ಕೆ ಸೇರುವುದಿಲ್ಲ, ಹಾಗಾಗಿ ಅವಳ ಚಾಳಿಯನ್ನೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಾವನೂ ಹಿಡಿದಿರಲಿಲ್ಲ.

"ಹೋರಿನೇ ನೋಡ್ತಾ ಕೂತೆ ನಾನು," ಎಂದ ಕೊನೆಗೆ. "ಅಕ್ಕನ್ನ ನೋಡ್ಲೇ ಇಲ್ಲ."

ಅವನು ನನ್ನನ್ನು ಬಿಟ್ಟದ್ದು, ಒಂಟಿಯಾಗಿ ಈ ಮುಳ್ಳುಬೇಲಿಯೊಳಗೆ ಮುದುಕನಾದದ್ದು, ಎಲ್ಲವೂ ಯಾವುದನ್ನು ನಿಲ್ಲಿಸಲೆಂದೋ ಅದು ಬೇಲಿಯ ಹೊರಗೆ ಚಪ್ಪಲಿ ಜೋಡಿಸುತ್ತ ಕೂತಿತ್ತು. ನನಗೆ ಅಳು ಬಂತು. ಅವನು ಅಳಲಿಲ್ಲ.

ನೇರ ಮಗಳ ಹತ್ತಿರ ಹೋದ. ಅವಳು ಸರಿಯಾಗಿ ಜೋಡಿಸಿಟ್ಟಿದ್ದ ಚಪ್ಪಲಿಗಳಲ್ಲಿ ಒಂದನ್ನು ಬರಿಗಾಲಿನ ಹೆಬ್ಬೆರಳಿನಿಂದ ಮೆಲ್ಲಗೆ ತಳ್ಳಿ ವಾರೆ ಮಾಡಿದ. ಕಿಲಾರಿ ಚಪ್ಪಲಿ ಮುಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಗಳು ಕಿರುಚಲು ಬಾಯಿ ತೆರೆದಳು. ಅವನು ಅವಳ ಕೈ ಹಿಡಿದುಕೊಂಡ.

"ಇರ್ಲಿ ಬಿಡು ತಾಯಿ. ವಾರೆ ಇದ್ರೂ ಅದು ಚಪ್ಲಿನೇ. ಬಾ, ಕರ ತೋರಿಸ್ತೀನಿ."

ಅವಳು ತಿರುತಿರುಗಿ ನೋಡುತ್ತಲೇ ಒಳಗೆ ಬಂದಳು. ಕರು ಅವಳ ಅಂಗೈ ನೆಕ್ಕಿದ ಮೇಲೆ ಹುಡುಗಿ ನಕ್ಕಳು.

ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: "ಇಸ್ಕೂಲ್ ಮಾತ್ರ ಬಿಡಿಸ್ಬ್ಯಾಡ. ಮತ್ತೆ, ಅವಳ ಕೈ ಶುದ್ಧ ಅಂತ ಯಾರೂ ಹೊಗಳಬಾರ್ದು, ನೋಡ್ಕೋ. ಬೈದಿದ್ದಕ್ಕೆ ನಾ ಕೆಡಲಿಲ್ಲ ಕಣೇ. ಹೊಗಳಿದ್ದಕ್ಕೆ ಕೆಟ್ಟೆ."

ಕಾಲ್ದಾರಿಯ ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಅವನು ತೊಟ್ಟಿಯ ಹತ್ತಿರ ಕೂತು ಆ ಕಾಲನ್ನು ತೊಳೆಯುತ್ತಿದ್ದ. ಎಷ್ಟು ಹೊತ್ತು ತೊಳೆದನೋ...

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. ಒಂದು ಬೇಸಿಗೆ ಬೋರು ಬತ್ತಿ ರೊಪ್ಪಕ್ಕೆ ಟ್ಯಾಂಕರಿನಲ್ಲಿ ನೀರು ಬರತೊಡಗಿತು. ಮಾವ ಪಾತ್ರೆ ತೊಳೆಯುವುದಕ್ಕೇ ತೊಟ್ಟಿ ಅರ್ಧವಾಗುತ್ತಿತ್ತು, ದನಗಳಿಗೆ ಸಾಲುತ್ತಿರಲಿಲ್ಲ. ಶುದ್ಧ ಶುದ್ಧ ಎಂದು ಕೈಮುಗಿದವರೇ, "ಇವನಿಗೇನೋ ಕೆಟ್ಟೈತೆ," ಎಂದರು. ಹಾಲು ಕರೆಯುವ ಕೆಲಸ ಬೇರೆಯವರಿಗೆ ಹೋಯಿತು. ಗುಡಿಸಲಿನಲ್ಲಿ ಇರಲು ಮಾತ್ರ ಬಿಟ್ಟರು. ನಾನು ಹೋಗಿ, ಆಸ್ಪತ್ರೆಗೆ ಹೋಗೋಣ ಬಾ ಮಾವ ಎಂದೆ. ಬರ್ತೀನಿ ಎಂದ. ಬರಲಿಲ್ಲ. ಆ ವರ್ಷದ ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ತೀರಿಕೊಂಡ. ಸದಾ ಒದ್ದೆಯಲ್ಲೇ ಇರುತ್ತಿದ್ದ ಮೈ.

ಮಗಳು ಹೈಸ್ಕೂಲಿಗೆ ಬಂದಾಗ ಅವಳ ಟೀಚರು ನನ್ನನ್ನು ಕರೆಸಿದರು. ಕಲಿಕೆಯಲ್ಲಿ ಹಿಂದೆ, ಬರೆಯುವುದು ನಿಧಾನ, ಓದಿದ ಸಾಲನ್ನೇ ಓದುತ್ತಾಳೆ, ರಬ್ಬರಿನಿಂದ ಪುಟ ತೂತು ಮಾಡುತ್ತಾಳೆ ಎಂದರು. ಒಂದು ಕಡೆ ಹಾಗೆ ಹೇಳಿ, ಇನ್ನೊಂದು ಕಡೆ, "ಆದರೆ ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ, ಎಷ್ಟು ನೀಟು!" ಎಂದು ಹೊಗಳಿದರು. ದಯವಿಟ್ಟು ಅದೊಂದನ್ನು ಹೊಗಳಬೇಡಿ ಮೇಡಂ ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

ದಾವಣಗೆರೆಯ ಡಾಕ್ಟರು ನಿಧಾನಸ್ಥರು. ಇವಳಿಗೆ ಅಕ್ಷರ ಬರುತ್ತದೆ, ಅರ್ಥವೂ ಆಗುತ್ತದೆ, ಆದರೆ ಅನುಮಾನ ಇವಳ ಹೊತ್ತನ್ನೆಲ್ಲ ತಿಂದುಬಿಡುತ್ತದೆ ಎಂದು ವಿವರಿಸಿದರು. ಹೊರಗಿನಿಂದ ನೋಡಿದವರಿಗೆ ಅದು ದಡ್ಡತನದಂತೆ ಕಾಣುತ್ತದಂತೆ. ಈ ಕಾಯಿಲೆಗೆ ಒಂದು ಹೆಸರಿದೆ, ಮಾತ್ರೆಯಿದೆ, ಅಭ್ಯಾಸ ಮಾಡಿಸುವ ಕ್ರಮವಿದೆ. ಆಮೇಲೆ ಕೇಳಿದರು: "ನಿಮ್ಮ ಮನೆತನದಲ್ಲಿ ಯಾರಿಗಾದರೂ ಹೀಗಿತ್ತಾ?"

ನಾನು ಮುತ್ತಾತನಿಂದ ಶುರು ಮಾಡಿ ಅವ್ವನವರೆಗೆ ಹೇಳಿದೆ. ಮಾವನ ವಿಷಯಕ್ಕೆ ಬಂದಾಗ ಸ್ವಲ್ಪ ಹೆಚ್ಚು ಹೇಳಿದೆ ಅನಿಸುತ್ತದೆ, ಅವರು ಬರೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಮನೆತನದಲ್ಲಿ ಇದ್ದರೆ ಬರುವ ಸಂಭವ ಸ್ವಲ್ಪ ಹೆಚ್ಚು ಅಷ್ಟೇ, ಬರಲೇಬೇಕೆಂದಿಲ್ಲ ಎಂದರು. ಒಬ್ಬರು ಮದುವೆ ಬಿಟ್ಟರೆ ನಿಲ್ಲುವಂಥದ್ದಲ್ಲ ಎಂದರು. ಹಾಗಾದರೆ ಆಗಲೇ ಮಾತ್ರೆ ಕೊಡಿಸಿದ್ದರೆ ಮಾವ ಪರೀಕ್ಷೆ ಮುಗಿಸುತ್ತಿದ್ದನಾ ಎಂದು ಕೇಳಿದೆ. ಡಾಕ್ಟರು ಮಗಳ ಚೀಟಿ ಬರೆಯತೊಡಗಿದರು. ನನಗೂ ಗ್ಯಾಸ್ ಆರಿಸಿದೆನಾ ಎಂದು ಒಂದು ಸಲ ತಿರುಗಿ ನೋಡುವ ಅಭ್ಯಾಸವಿದೆ ಎಂದದ್ದಕ್ಕೆ, ಅದು ನನಗೂ ಇದೆ ಎಂದು ನಕ್ಕರು.

ಅಭ್ಯಾಸವೆಂದರೆ ಇಷ್ಟೇ. ತಪ್ಪನ್ನು ತಪ್ಪಾಗಿಯೇ ಬಿಟ್ಟು, ಒಳಗೆ ಏಳುವ ಸಂಕಟವನ್ನು ತಡೆದುಕೊಂಡು ಕೂರುವುದು. ಕೂತರೆ ಅದು ತಾನಾಗಿ ಇಳಿಯುತ್ತದೆ. ಓದಿದ ಡಾಕ್ಟರು ವಿವರಿಸಿದ ಮೇಲೆ ನನಗೆ ಆ ವಾರೆ ಚಪ್ಪಲಿ ನೆನಪಾಯಿತು. ಮಾವ ಅದನ್ನು ಅವಳಿಗೆ ಮಾಡಿಸಿದ, ತನಗೆ ಮಾಡಿಕೊಳ್ಳಲು ಆಗಲಿಲ್ಲ.

ಮಗಳು ಈಗ ಪಿಯುಸಿ ಓದುತ್ತಿದ್ದಾಳೆ. ಪೂರ್ತಿ ವಾಸಿಯಾಗಿದೆ ಎಂದು ಹೇಳಲಾರೆ. ಒಳ್ಳೆಯ ದಿನಗಳಿವೆ, ಕೆಟ್ಟ ದಿನಗಳಿವೆ. ಪರೀಕ್ಷೆಯಲ್ಲಿ ಕೊನೆಯ ಪ್ರಶ್ನೆಯವರೆಗೆ ಹೋಗುತ್ತಾಳೆ. ನಮ್ಮ ಮನೆಯಲ್ಲಿ ಅದೇ ದೊಡ್ಡ ಹಬ್ಬ.

ಹೋದ ವಾರ ನಾನು ಆ ತೊಂಡೆಕಾಯಿ ತೊಳೆದು ಎಲೆಯನ್ನು ಅಂಗೈಯಲ್ಲೇ ಹಿಡಿದುಕೊಂಡು ನಡುಮನೆಗೆ 
ಬಂದಾಗ ಅವಳು ಬರೆಯುತ್ತ ಕೂತಿದ್ದಳು. ಒಂದು ಪದ ತಪ್ಪಾಗಿತ್ತು. ದೂರದಿಂದಲೇ ನನಗೆ ಕಾಣಿಸಿತು, ಅವಳಿಗೂ ಕಂಡಿತ್ತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಆ ಪದವನ್ನು ದಿಟ್ಟಿಸುತ್ತಿದ್ದಳು. ಹಣೆಯ ಮೇಲೆ ಬೆವರಿತ್ತು. ನಾನು ಬಾಗಿಲಲ್ಲೇ ನಿಂತೆ.

"ಕೂತಿಲ್ಲಮ್ಮ ಇದು," ಎಂದಳು.

ಆ ಮಾತನ್ನು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಮಾವನ ಸ್ಲೇಟಿನ ಕಥೆಯನ್ನು ನಾನು ಅವಳಿಗೆ ಹೇಳಿರಲೂ ಇಲ್ಲ.

"ಕೂರದಿದ್ರೆ ನಿಂತ್ಕೊಂಡೇ ಇರ್ಲಿ ಬಿಡು," ಎಂದೆ.

ಅವಳು ನಕ್ಕಳು. ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಉಸಿರು ಬಿಟ್ಟು, ಪುಟ ತಿರುಗಿಸಿದಳು.

ನಾನು ಹಿತ್ತಲ ಬಾಗಿಲಿಗೆ ಹೋಗಿ ಎಲೆಯನ್ನು ಆಚೆ ಎಸೆದೆ. ಬೆರಳು ಹಸಿರಾಗಿತ್ತು. ಪುಟ ತಿರುಗಿಸಿದಳು ಮಾವ ಎಂದು ಓಡಿಹೋಗಿ ಹೇಳಬೇಕೆನಿಸಿತು. ಹೇಳಲು ಇದ್ದವನು ಅವನೊಬ್ಬನೇ, ಅವನಿಲ್ಲ.